ಹಳೆಯ ಮನೆಗೆ ಗೀಸರ್, ಸೌರಫಲಕ: ಮೊದಲು ವೈರಿಂಗ್ ನೋಡಿ

ಪುಣೆಯ ಪೇಠೆಗಳ ಹಳೆಯ ಮನೆಗಳಲ್ಲಿ ನೆಲೆಸಿರುವ ಕನ್ನಡಿಗರು ಬಚ್ಚಲ ಹಂಡೆಯನ್ನೋ ಗ್ಯಾಸ್ ಗೀಸರನ್ನೋ ಬಿಟ್ಟು ವಿದ್ಯುತ್ ಗೀಸರ್ ಕೂರಿಸುವ ಮುನ್ನ ಮರದ ಸ್ವಿಚ್‌ಬೋರ್ಡನ್ನು ಬಿಚ್ಚಿಸಿ ನೋಡಬೇಕು. ನಮ್ಮ ಮನೆಯಲ್ಲಿ ಪಿಂಗಾಣಿ ಫ್ಯೂಸಿನ ಹಿಂದಿದ್ದ ವೈರಿನ ರಬ್ಬರು ಮುಟ್ಟಿದೊಡನೆ ಪುಡಿಯಾಗಿ ಉದುರಿತು. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುವುದರಿಂದ ಅದಕ್ಕೆ ಪ್ರತ್ಯೇಕ ತಾಮ್ರದ ವೈರು, 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಹಾಗೂ 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು) ಬೇಕೇ ಬೇಕು. ಇಲ್ಲಿ ಜಿಪುಣತನ ಸಲ್ಲದು.

ಸೌರಫಲಕಕ್ಕೆ ಕಿಲೋವ್ಯಾಟಿಗೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ ಬೇಕು. ಹೆಂಚಿನ ಮಾಡಾದರೆ ತೊಲೆಗಳನ್ನು ಎಂಜಿನಿಯರರಿಂದ ಪರೀಕ್ಷಿಸಿಕೊಳ್ಳಿ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯು 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನವನ್ನು ನಿಗದಿಪಡಿಸಿದೆ. ವಿದ್ಯುತ್ ಬಿಲ್ಲು ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ, ನೆಟ್ ಮೀಟರಿಗೆ (ಪಡೆದ ಮತ್ತು ಹಿಂದಕ್ಕೆ ಕೊಟ್ಟ ವಿದ್ಯುತ್ ಎರಡನ್ನೂ ಅಳೆಯುವ ಮೀಟರು) ಅರ್ಜಿ ಹಾಕುವ ಮೊದಲೇ ಮಹಾರಾಷ್ಟ್ರದ ವಿದ್ಯುತ್ ವಿತರಣಾ ಕಂಪನಿಯಾದ ಮಹಾವಿತರಣದಲ್ಲಿ ಹೆಸರು ಬದಲಿಸಿಕೊಳ್ಳಿ.