ಹಜ್‌ಗೆ ಹೋಗಲಾಗದವರ ಝುಲ್‌ಹಜ್: ನಮ್ಮ ಮನೆಯ ರೂಢಿ

ಹಜ್ ಕಡ್ಡಾಯವಾಗುವುದು ಅಲ್ಲಿಗೆ ಹೋಗಿಬರುವ ಶಕ್ತಿ ಇದ್ದವರಿಗೆ ಮಾತ್ರ. ಕುರ್‌ಆನಿನಲ್ಲೇ (3:97) ಇದೆ, ಚಿಕ್ಕಂದಿನಿಂದ ಕೇಳಿದ್ದೇನೆ. ಆದರೂ ಗೊತ್ತಿದ್ದವರು ಒಬ್ಬೊಬ್ಬರಾಗಿ ಮಕ್ಕಾಗೆ ಹೊರಟಾಗ ಹೊಟ್ಟೆಯಲ್ಲಿ ಸಂಕಟ ಆಗದೆ ಇರುತ್ತಾ? ಪಾರ್ಶ್ವವಾಯು ಬಡಿದು ಅಮ್ಮಿ ಹಾಸಿಗೆ ಹಿಡಿದಿದ್ದಾರೆ. ಅವರನ್ನು ಬಿಟ್ಟು ನಾನು ಕದಲುವಂತಿಲ್ಲ. ಹಾಗಾಗಿ ಹಜ್‌ನ ದಿನಗಳನ್ನು ಮನೆಯಲ್ಲೇ ಕಳೆಯಲು ನಾವಿಬ್ಬರೂ ಒಂದು ದಾರಿ ಮಾಡಿಕೊಂಡೆವು.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಮನೆಯ ಇಬಾದತ್ (ಆರಾಧನೆ) ಹಜ್‌ಗೆ ಬದಲಿ ಅಲ್ಲ. ಫಜ್ರ್ (ಮುಂಜಾನೆಯ) ನಮಾಝನ್ನು ಜಮಾಅತ್‌ನಲ್ಲಿ, ಅಂದರೆ ಸಾಮೂಹಿಕವಾಗಿ ಮಾಡಿ, ಸೂರ್ಯ ಹುಟ್ಟುವವರೆಗೆ ಝಿಕ್ರ್ (ಅಲ್ಲಾಹನ ಸ್ಮರಣೆ) ಮಾಡುತ್ತಾ ಕೂತು, ಆಮೇಲೆ ಎರಡು ರಕಅತ್ ನಮಾಝ್ ಮಾಡಿದವರಿಗೆ ಹಜ್ ಮತ್ತು ಉಮ್ರಾದ (ಮಕ್ಕಾದ ಕಿರುಯಾತ್ರೆ) ಪುಣ್ಯ ಅಂತ ತಿರ್ಮಿದಿ ಸಂಗ್ರಹದಲ್ಲಿ ಹದೀಸ್ (ಪ್ರವಾದಿಯವರ ವಚನ) ಇದೆ. ಅದು ಪುಣ್ಯದ ಮಾತು. ಕಡ್ಡಾಯ ಹಜ್ ಅದರಿಂದ ತೀರುವುದಿಲ್ಲ. ಹಾಗೆಯೇ ಕಅಬಾದ ಚಿತ್ರ ಇಟ್ಟು ಸುತ್ತು ಹಾಕುವುದು, ಮನೆಯಲ್ಲಿ ಇಹ್ರಾಮ್ (ಹಾಜಿಗಳ ಉಡುಪು) ಉಟ್ಟು ಕೂರುವುದು, ಇದೆಲ್ಲ ಬೇಡವೇ ಬೇಡ. ತವಾಫ್ (ಕಅಬಾಗೆ ಸುತ್ತು ಹಾಕುವುದು) ಇರುವುದು ಮಕ್ಕಾದಲ್ಲಿ ಮಾತ್ರ. ಹೋಗದವರಿಗೆ ಅಂತಲೇ ಬೇರೆ ಪಾಲು ಇದೆ, ಅದನ್ನು ಸರಿಯಾಗಿ ತೆಗೆದುಕೊಂಡರೆ ಸಾಕು ಅನ್ನುವುದು ನನ್ನ ಲೆಕ್ಕ.

ಈ ಲೆಕ್ಕ ನಾನು ಸುಮ್ನೆ ಹಾಕಿದ್ದಲ್ಲ. ಬಡ ಸಹಾಬಿಗಳು (ಪ್ರವಾದಿಯವರ ಸಂಗಾತಿಗಳು) ಪ್ರವಾದಿ(ಸ)ಯವರ ಹತ್ತಿರ ಹೋಗಿ ದೂರಿದ್ದರು: ದುಡ್ಡಿದ್ದವರು ನಮ್ಮ ಹಾಗೇ ನಮಾಝ್ ಮಾಡುತ್ತಾರೆ, ಉಪವಾಸ ಹಿಡಿಯುತ್ತಾರೆ, ಅದರ ಮೇಲೆ ಹಜ್, ಉಮ್ರಾ, ದಾನ ಎಲ್ಲ ಮಾಡುತ್ತಾರೆ, ನಮಗೇನು ಉಳಿಯಿತು ಅಂತ. ಆಗ ಅವರಿಗೆ ಸಿಕ್ಕಿದ್ದು ಪ್ರತಿ ನಮಾಝ್ ಆದ ಮೇಲೆ 33 ಸಲ ಸುಬ್‌ಹಾನಲ್ಲಾಹ್, 33 ಸಲ ಅಲ್‌ಹಮ್ದುಲಿಲ್ಲಾಹ್, 33 ಸಲ ಅಲ್ಲಾಹು ಅಕ್ಬರ್. ನಾವೆಲ್ಲ ಅವಸರದಲ್ಲಿ ಮುಗಿಸಿ ಏಳುವ ತಸ್ಬೀಹ್ ಇದೇ, ಅಲ್ವಾ? ಹಜ್‌ಗೆ ಹೋಗಲಾಗದವರು ಕೇಳಿ ಪಡೆದದ್ದು ಅಂತ ತಿಳಿದ ಮೇಲೆ ನನ್ನ ನಾಲಿಗೆ ತಾನಾಗೇ ನಿಧಾನವಾಯಿತು. ಅಮ್ಮಿ ಬಲಗೈಯ ಗೆಣ್ಣುಗಳಲ್ಲಿ ಎಣಿಸುತ್ತಾರೆ. ಎಡಗೈ ಏಳುವುದಿಲ್ಲ. ನಮಾಝ್ ಮಲಗಿಕೊಂಡೇ, ತಲೆಯ ಸನ್ನೆಯಲ್ಲಿ. ನಿಲ್ಲಲಾಗದಿದ್ದರೆ ಕೂತು, ಕೂರಲಾಗದಿದ್ದರೆ ಮಲಗಿ ಅಂತ ಅನುಮತಿ ಇದ್ದೇ ಇದೆ.

ಹಜ್‌ನ ತಿಂಗಳಾದ ಝುಲ್‌ಹಜ್‌ನ ಚಂದ್ರ ಕಂಡ ದಿನದಿಂದ ನಮ್ಮ ದಿನಚರಿ ಸ್ವಲ್ಪ ಬದಲಾಗುತ್ತದೆ. ತಿಂಗಳ ಮೊದಲ ಹತ್ತು ದಿನಗಳಲ್ಲಿ ಮಾಡಿದ ಒಳ್ಳೆಯ ಕೆಲಸದಷ್ಟು ಅಲ್ಲಾಹನಿಗೆ ಇಷ್ಟವಾದದ್ದು ಬೇರೆ ದಿನಗಳಲ್ಲಿ ಇಲ್ಲ ಅಂತ ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಕುರ್ಬಾನಿ (ಹಬ್ಬದ ಪ್ರಾಣಿಬಲಿ) ಕೊಡುವುದಿದ್ದರೆ ಅದು ಮುಗಿಯುವವರೆಗೆ ಕೂದಲು, ಉಗುರು ಕತ್ತರಿಸುವುದಿಲ್ಲ. ಅಮ್ಮಿಯ ಉಗುರನ್ನು ಹಿಂದಿನ ದಿನವೇ ತೆಗೆದುಬಿಡುತ್ತೇನೆ. ದಿನಾ ಒಂದಿಷ್ಟು ಕುರ್‌ಆನ್ ಗಟ್ಟಿಯಾಗಿ ಓದುತ್ತೇನೆ, ಅವರು ಕೇಳುತ್ತಾರೆ. ಜಾಸ್ತಿ ಹೇರಿಕೊಳ್ಳುವುದಿಲ್ಲ. ರೋಗಿ ಇರುವ ಮನೆಯಲ್ಲಿ ದೊಡ್ಡ ಪಟ್ಟಿ ಮಾಡಿದರೆ ಮೂರನೇ ದಿನಕ್ಕೇ ಕೈ ಸೋಲುತ್ತದೆ. ಅಮ್ಮಿಯನ್ನು ಮಗ್ಗುಲು ತಿರುಗಿಸುವುದು, ಬಟ್ಟೆ ಬದಲಿಸುವುದು ಕೂಡ ಒಳ್ಳೆಯ ಕೆಲಸದ ಲೆಕ್ಕಕ್ಕೇ ಬರುತ್ತದೆ.

ಒಂಬತ್ತನೇ ದಿನ ಅರಫಾ, ಹಾಜಿಗಳು ಮಕ್ಕಾ ಹತ್ತಿರದ ಅರಫಾ ಬಯಲಿನಲ್ಲಿ ಸೇರುವ ದಿನ. ಹಜ್‌ನ ಪ್ರಾಣವೇ ಆ ದಿನ. ಆದರೆ ಆ ದಿನದ ಉಪವಾಸ ಮನೆಯಲ್ಲಿ ಉಳಿದವರಿಗೆ! ಹಿಂದಿನ ಒಂದು ವರ್ಷ, ಮುಂದಿನ ಒಂದು ವರ್ಷದ ಪಾಪಗಳಿಗೆ ಪರಿಹಾರ ಅಂತ ‘ಸಹೀಹ್ ಮುಸ್ಲಿಮ್’ ಹದೀಸ್ ಸಂಗ್ರಹದಲ್ಲಿದೆ. ಅರಫಾದಲ್ಲಿ ಪ್ರವಾದಿ(ಸ) ಉಪವಾಸ ಇದ್ದಾರೋ ಇಲ್ಲವೋ ಅಂತ ಜನ ಗುಸುಗುಸು ಮಾಡಿದಾಗ ಉಮ್ಮುಲ್ ಫಝ್ಲ್(ರ) ಒಂದು ಬಟ್ಟಲು ಹಾಲು ಕಳಿಸಿದರು. ಪ್ರವಾದಿ(ಸ) ಒಂಟೆಯ ಮೇಲೆ ಕೂತಿದ್ದ ಹಾಗೇ ಅದನ್ನು ಕುಡಿದರು, ಅಂದರೆ ಹಜ್‌ನಲ್ಲಿ ಅವರು ಆ ಉಪವಾಸ ಹಿಡಿದಿರಲಿಲ್ಲ. ಒಂಬತ್ತನ್ನು ಮಕ್ಕಾದ ಚಂದ್ರನಿಂದ ಎಣಿಸಬೇಕೋ ನಮ್ಮೂರಿನ ಚಂದ್ರನಿಂದಲೋ ಅನ್ನುವ ಚರ್ಚೆ ವರ್ಷವೂ ಇದ್ದದ್ದೇ. ನಾನು ಇರುವ ಊರಿನ ಚಂದ್ರನ ಲೆಕ್ಕ ಹಿಡಿಯುತ್ತೇನೆ. ಎಂಟಕ್ಕೂ ಒಂದು ಉಪವಾಸ ಹಿಡಿದರೆ ತಕರಾರೇ ಇಲ್ಲ, ಅದೂ ಒಳ್ಳೆಯದೇ.

ಆ ಮಧ್ಯಾಹ್ನವನ್ನು ಖಾಲಿ ಇಟ್ಟುಕೊಳ್ಳುವುದೇ ಕಷ್ಟದ ಕೆಲಸ. ಹಾಜಿಗಳು ಲುಹರ್ (ಮಧ್ಯಾಹ್ನದ), ಅಸರ್ (ಸಂಜೆಗೆ ಮೊದಲಿನ) ನಮಾಝ್ ಸೇರಿಸಿ ಮಾಡುವುದನ್ನು ಟಿವಿಯಲ್ಲಿ ನೋಡಿ ನಾವೂ ಸೇರಿಸುವಂತಿಲ್ಲ, ನಮಗೆ ಆಯಾ ವೇಳೆಗೇ. ಅಸರ್ ಆದ ಮೇಲೆ ಫೋನು ಇನ್ನೊಂದು ಕೋಣೆಗೆ ಹೋಗುತ್ತದೆ. ಅಮ್ಮಿಗೆ ದಿಂಬು ಒರಗಿಸಿ, ಪಕ್ಕದಲ್ಲಿ ನೋಟ್‌ಬುಕ್ ತೆರೆಯುತ್ತೇನೆ. ದುವಾ (ಪ್ರಾರ್ಥನೆ) ಆ ಹೊತ್ತಿಗೆ ಒಂದೂ ನೆನಪಾಗುವುದಿಲ್ಲ, ಅದಕ್ಕೇ ಮೊದಲ ದಿನದಿಂದ ಹೆಸರು ಬರೆದಿಟ್ಟಿರುತ್ತೇವೆ. ತೀರಿಹೋದವರು, ಸಾಲದಲ್ಲಿರುವವರು, ಮಗು ಬೇಕೆಂದವರು. ‘ಲಾ ಇಲಾಹ ಇಲ್ಲಲ್ಲಾಹು ವಹ್‌ದಹೂ ಲಾ ಶರೀಕ ಲಹೂ’ ಪೂರ್ತಿ ಹೇಳಿ, ಒಂದೊಂದೇ ಹೆಸರು ಓದುತ್ತೇನೆ. ಅಮ್ಮಿಯ ಮಾತು ತೊದಲುತ್ತದೆ, ಆಮೀನ್ ಮಾತ್ರ ಸ್ಪಷ್ಟ. ಹಳೆಯ ಜಗಳದ ನೆಂಟರೊಬ್ಬರ ಹೆಸರು ಪಟ್ಟಿಯಲ್ಲಿದೆ. ಅದನ್ನು ಹಾರಿಸಿದರೆ ಅಮ್ಮಿ ಮಂಚದ ಕಂಬಿಗೆ ಬೆರಳು ಬಡಿಯುತ್ತಾರೆ. ವಾಪಸ್ ಬಂದು ಓದಲೇಬೇಕು.

ಅರಫಾ ದಿನದ ಫಜ್ರ್‌ನಿಂದ ಹದಿಮೂರರ ಅಸರ್‌ವರೆಗೆ ಪ್ರತಿ ಫರ್ಝ್ (ಕಡ್ಡಾಯ ನಮಾಝ್) ಆದ ಮೇಲೆ ತಕ್ಬೀರ್ ತಶ್ರೀಕ್, ಅಂದರೆ ಈ ದಿನಗಳಲ್ಲಿ ಹೇಳುವ ‘ಅಲ್ಲಾಹು ಅಕ್ಬರ್’ ಘೋಷ, ಒಟ್ಟು 23 ನಮಾಝ್. ಗಂಡಸರು ಗಟ್ಟಿಯಾಗಿ, ಹೆಂಗಸರು ಮೆಲ್ಲಗೆ. ಮರೆತುಹೋಗುವುದು ಇದೇ ಜಾಸ್ತಿ. ಚೀಟಿ ಬರೆದು ಮುಸಲ್ಲಾದ (ನಮಾಝಿನ ಚಾಪೆ) ಎದುರಿನ ಗೋಡೆಗೆ ಅಂಟಿಸಿದ್ದೇನೆ. ಮುಟ್ಟಿನ ದಿನ ಬಂದರೆ ಉಪವಾಸ, ನಮಾಝ್ ಇಲ್ಲ. ಆದರೆ ದುವಾ, ಝಿಕ್ರ್‌ಗೆ ಯಾವ ಅಡ್ಡಿಯೂ ಇಲ್ಲ. ಇಷ್ಟು ಗೊತ್ತಿಲ್ಲದೆ ಎಷ್ಟೋ ಹೆಣ್ಣುಮಕ್ಕಳು ಅರಫಾದ ಮಧ್ಯಾಹ್ನವನ್ನೇ ಬಿಟ್ಟುಬಿಡುತ್ತಾರೆ.

ಉಳಿದದ್ದು ಅಮ್ಮಿಯ ಕಡ್ಡಾಯ ಹಜ್‌ನ ಮಾತು. ಅವರು ಗಟ್ಟಿಯಾಗಿದ್ದಾಗಲೇ ಹಜ್‌ಗೆ ಅಂತ ದುಡ್ಡು ಕೂಡಿಟ್ಟಿದ್ದರು. ಖಸ್‌ಅಮ್ ಪಂಗಡದ ಹೆಂಗಸೊಬ್ಬರು, ನನ್ನ ತಂದೆಗೆ ವಾಹನದ ಮೇಲೆ ಕೂರಲೂ ಆಗದಷ್ಟು ವಯಸ್ಸಾಗಿದೆ, ಅವರ ಪರವಾಗಿ ನಾನು ಹಜ್ ಮಾಡಬಹುದೇ ಅಂತ ಕೇಳಿದಾಗ ಪ್ರವಾದಿ(ಸ) ಹೌದು ಅಂದರು. ವಾಸಿಯಾಗುವ ಭರವಸೆ ಇಲ್ಲ ಅಂತ ವೈದ್ಯರು ಹೇಳಿದ ಮೇಲೆ ಆಲಿಮರನ್ನು (ಧರ್ಮಪಂಡಿತರನ್ನು) ಕೇಳಿದೆವು. ಬದಲ್ ಹಜ್ (ಇನ್ನೊಬ್ಬರ ಪರವಾಗಿ ಮಾಡುವ ಹಜ್) ಮಾಡಿಸಿ, ತನ್ನ ಹಜ್ ಮುಗಿಸಿದವರನ್ನೇ ಕಳಿಸಿ ಅಂದರು. ತಮ್ಮ ಹೋಗಿಬಂದಿದ್ದಾನೆ, ಅವನೇ ಒಪ್ಪಿದ್ದಾನೆ. ಖರ್ಚು ಅಮ್ಮಿಯ ದುಡ್ಡಿನಿಂದಲೇ. ನನಗೆ ಆ ದಾರಿ ಇಲ್ಲ. ಮೈಯಲ್ಲಿ ಶಕ್ತಿ ಇರುವವರು ಕಡ್ಡಾಯ ಹಜ್‌ಗೆ ಬೇರೆಯವರನ್ನು ಕಳಿಸುವಂತಿಲ್ಲ.