ಭರಮಸಾಗರದ ಮಳೆ, ನಾಲ್ಕು ಹೊಸ ಟೈರು

2024ರ ಜುಲೈ. ಚಿತ್ರದುರ್ಗದಲ್ಲಿ ನೆಂಟರ ಮನೆಯ ಊಟ ಮುಗಿಸಿ ದಾವಣಗೆರೆಗೆ ವಾಪಸ್ ಹೊರಟಿದ್ದೆ. ಭರಮಸಾಗರ ದಾಟುತ್ತಿದ್ದಂತೆ ಮಳೆ ಹಿಡಿಯಿತು. ವೇಗ ತೊಂಬತ್ತರ ಆಸುಪಾಸು. ಸರ್ವಿಸ್ ರಸ್ತೆಯಿಂದ ಗೊಬ್ಬರದ ಚೀಲ ಹೇರಿದ ಟ್ರ್ಯಾಕ್ಟರೊಂದು ಹೆದ್ದಾರಿಗೆ ಮೂತಿ ಹಾಕಿತು. ಬ್ರೇಕ್ ಒತ್ತಿದೆ. ಗಾಲಿ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಕೆಲಸ ಶುರು ಮಾಡಿ ಪೆಡಲು ಕಾಲಡಿ ಗಡಗಡ ನಡುಗಿತು, ಆದರೆ ಕಾರು ಜಾರುತ್ತಲೇ ಹೋಯಿತು. ಎಡಕ್ಕೆ ಹೊರಳಿಸಿ ಮಣ್ಣಿಗಿಳಿಸಿ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಮಲಗಿದ್ದ ಮಗಳಿಗೆ ಎಚ್ಚರವೇ ಆಗಲಿಲ್ಲ. ನನಗೆ ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ಕಾರು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245. 2020ರಲ್ಲಿ ಇಂಡಿಯಾಕ್ಕೆ ಬಂದಿದ್ದೇ ಇನ್ನೂರು. ಅದರಲ್ಲೊಂದನ್ನು ಸೆಕೆಂಡ್ ಹ್ಯಾಂಡಾಗಿ ತಂದಿದ್ದೆ. ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 245 ಪಿಎಸ್, 370 ಎನ್‌ಎಂ ಟಾರ್ಕ್. ಕೊಳ್ಳುವಾಗ ಎಂಜಿನ್ನು, ಗೇರ್‌ಬಾಕ್ಸು, ಸರ್ವಿಸ್ ಪುಸ್ತಕ ಎಲ್ಲ ನೋಡಿದ್ದೆ. ಟೈರಿನ ಮೇಲೆ ಕೈ ಆಡಿಸಿ "ಇನ್ನೂ ಓಡ್ತವೆ" ಅಂದುಕೊಂಡು ಬಿಟ್ಟಿದ್ದೆ. ಅಷ್ಟೆಲ್ಲ ಶಕ್ತಿ ರಸ್ತೆಗೆ ಇಳಿಯುವುದೂ, ಆ ವೇಗವೆಲ್ಲ ಮತ್ತೆ ನಿಲ್ಲುವುದೂ ಅಂಗೈಯಗಲದ ನಾಲ್ಕು ತುಂಡು ರಬ್ಬರಿನ ಮೇಲೆ ಎಂಬುದು ಆ ಮಣ್ಣಿನ ಅಂಚಿನಲ್ಲಿ ನಿಂತಾಗ ತಲೆಗೆ ಹೋಯಿತು.

ಮರುದಿನ ಬೆಳಿಗ್ಗೆ ಟೈರಿನ ಹಲ್ಲಿನ ಆಳ ಅಳೆಯುವ ಸಣ್ಣ ಗೇಜು ತಂದು ಕೂತೆ. ಮುಂದಿನ ಎಡಗಾಲಿ ಹೊರ ಅಂಚಿನಲ್ಲಿ 3 ಮಿ.ಮೀ., ಒಳ ಅಂಚಿನಲ್ಲಿ 1.8. ನಿಂತು ನೋಡಿದರೆ ಕಾಣುವುದು ಹೊರ ಅಂಚು ಮಾತ್ರ. ಒಳಗಿನದು ಕಾಣಬೇಕಾದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಬಗ್ಗಬೇಕು, ಅದನ್ನು ನಾನು ಮಾಡಿಯೇ ಇರಲಿಲ್ಲ. ಹಲ್ಲುಗಳ ನಡುವೆ ಅಲ್ಲಲ್ಲಿ ಇರುವ ಅಡ್ಡಪಟ್ಟಿ 1.6 ಮಿ.ಮೀ. ಎತ್ತರದ್ದು, ಸವೆತ ಅದಕ್ಕೆ ಸಮವಾದರೆ ಟೈರಿನ ಆಯುಷ್ಯ ಮುಗಿಯಿತು. ಆದರೆ ನೀರನ್ನು ಹೊರಹಾಕುವ ತಾಕತ್ತು ಅದಕ್ಕಿಂತ ಎಷ್ಟೋ ಮೊದಲೇ ಕುಗ್ಗಿರುತ್ತದೆ. ನಿಂತ ನೀರಿನ ಮೇಲೆ ಬೋಳು ಟೈರು ಯಾವ ವೇಗಕ್ಕೆ ತೇಲಲು ಶುರುವಾಗುತ್ತದೆ ಎನ್ನುವುದಕ್ಕೆ ನಾಸಾದವರು ವಿಮಾನದ ಗಾಲಿಗಳಿಗಾಗಿ ಮಾಡಿದ ಹಳೆಯ ಸೂತ್ರವೊಂದಿದೆ. 33 ಪಿಎಸ್‌ಐ ಗಾಳಿಗೆ ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 95 ಕಿ.ಮೀ. ಬರುತ್ತದೆ. ನನ್ನ ವೇಗ ತೊಂಬತ್ತಿತ್ತು.

ಹಿಂದಿನವೆರಡರಲ್ಲಿ ಹಲ್ಲು ನಾಲ್ಕು ಮಿ.ಮೀ. ಮೇಲೆಯೇ ಇತ್ತು. ಆದರೆ ಅವು ಬೇರೆ ಕಂಪನಿಯವು, ಒಂದರ ಪಕ್ಕದಲ್ಲಿ ನೆಲ್ಲಿಕಾಯಿ ಗಾತ್ರದ ಉಬ್ಬು. ಗುಂಡಿಗೆ ಬಿದ್ದಾಗ ಒಳಗಿನ ದಾರ ಹರಿದರೆ ಗಾಳಿ ಅಲ್ಲಿ ರಬ್ಬರನ್ನು ಹೊರಕ್ಕೆ ದೂಡುತ್ತದೆ. ಇದಕ್ಕೆ ಪ್ಯಾಚು ಇಲ್ಲ, ರಿಪೇರಿ ಇಲ್ಲ. ಹಾಗಾಗಿ ನಾಲ್ಕೂ ಹೊಸದೇ ಅಂತ ನಿರ್ಧರಿಸಿದೆ. ಮನೆಯಲ್ಲಿ ಲೆಕ್ಕ ಹೇಳಿದಾಗ ಅಪ್ಪಾಜಿ, "ಎಪ್ಪತ್ತು ಸಾವ್ರನಾ? ಟ್ರ್ಯಾಕ್ಟರಿನ ದೊಡ್ಡ ಗಾಲಿಗೂ ಇಷ್ಟು ಆಗಲ್ಲಲ್ಲೋ" ಅಂದರು. ಭರಮಸಾಗರದ ಕಥೆ ಹೇಳಿದೆ. ಮರುಮಾತಾಡಲಿಲ್ಲ.

ನನ್ನ ಕಾರಿನ ಟೈರಿನ ಮೇಲಿರುವ ಅಂಕಿ 225/40 ಆರ್18 92ವೈ. 225 ಅಂದರೆ ಅಗಲ ಮಿಲಿಮೀಟರಿನಲ್ಲಿ. 40 ಅಂದರೆ ಆ ಅಗಲದ ಶೇಕಡಾ ನಲವತ್ತು ಪಕ್ಕದ ಎತ್ತರ, ಅಂದರೆ 90 ಮಿ.ಮೀ. 18 ಇಂಚು ಡಿಸ್ಕಿನ, ಅಂದರೆ ಟೈರು ಕೂರುವ ಲೋಹದ ಚಕ್ರದ ವ್ಯಾಸ. 92 ಎಂದರೆ ಒಂದು ಟೈರು 630 ಕೆ.ಜಿ. ಹೊರುತ್ತದೆ, ವೈ ಎಂದರೆ 300 ಕಿ.ಮೀ. ವೇಗದವರೆಗೆ ತಡೆಯುತ್ತದೆ. ಮುನ್ನೂರು ನಮಗ್ಯಾಕೆ ಅನ್ನಿಸಬಹುದು. ವೇಗದ ಅಕ್ಷರ ದೊಡ್ಡದಿದ್ದಷ್ಟೂ ಟೈರು ಬಿಸಿಯನ್ನು ತಡೆಯುವಂತೆ ಕಟ್ಟಿರುತ್ತಾರೆ. ಏಪ್ರಿಲ್ಲಿನಲ್ಲಿ ಕುದಿಯುವ ನಮ್ಮ ರಸ್ತೆಗೆ ಅದು ಬೇಕು. ಒಬ್ಬ ಅಂಗಡಿಯವರು ಇದೇ ಅಳತೆಯಲ್ಲಿ 88 ಎಂದಿದ್ದ ಟೈರನ್ನು ಕಡಿಮೆ ಬೆಲೆಗೆ ತೋರಿಸಿದರು. 88 ಅಂದರೆ 560 ಕೆ.ಜಿ. ಗಾಲಿಗೆ ಎಪ್ಪತ್ತು ಕೆ.ಜಿ. ಕಡಿಮೆ. ಕಂಪನಿ ಹೇಳಿದ ಅಂಕಿಗಿಂತ ಕೆಳಗೆ ಇಳಿಯಬಾರದು, ಬೇಡವೆಂದೆ.

ಅತಿ ಹೆಚ್ಚು ತಲೆ ಕೆಡಿಸಿದ್ದು ಅಳತೆ ಬದಲಿಸುವ ವಿಚಾರ. ನಮ್ಮ ತೋಟ ಚನ್ನಗಿರಿ ಕಡೆ. ವಾರಕ್ಕೆರಡು ಸಲ ಸಂತೇಬೆನ್ನೂರಿನ ಮೇಲೆ ಹೋಗಿಬರಬೇಕು. ಊರೂರಿಗೆ ಹಂಪು, ಮಳೆ ಬಿದ್ದರೆ ಗುಂಡಿ. ಹೆದ್ದಾರಿಗೆ ಬಂದರೆ ಕಾಮಗಾರಿ ನಡೆಯುವಲ್ಲಿ ಡೈವರ್ಷನ್ನು. 90 ಮಿ.ಮೀ. ರಬ್ಬರು ಇದನ್ನೆಲ್ಲ ಎಷ್ಟು ದಿನ ತಾಳೀತು? ಪಿ.ಬಿ. ರಸ್ತೆಯ ಅಂಗಡಿಯಲ್ಲಿ ಒಬ್ಬರು, "225/45 ಆರ್18 ಹಾಕ್ಸಿಬಿಡ್ರಿ, ಗಾಡಿ ಎತ್ತರಾಗ್ತದೆ, ಹಂಪಿಗೆ ತಾಗಲ್ಲ" ಅಂದರು. ಮನೆಗೆ ಬಂದು ಲೆಕ್ಕ ಹಾಕಿದೆ. ಮೂಲ ಟೈರಿನ ಪೂರ್ತಿ ವ್ಯಾಸ 637 ಮಿ.ಮೀ., ಅವರು ಹೇಳಿದ್ದು ಸುಮಾರು 660. ಶೇಕಡಾ ಮೂರೂವರೆ ದೊಡ್ಡದು. ಮೀಟರು ತೋರಿಸುವುದಕ್ಕಿಂತ ಗಾಡಿ ಜೋರಾಗಿ ಓಡುತ್ತದೆ, ಪೂರ್ತಿ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುವ ಸಾಧ್ಯತೆಯೂ ಇದೆ. ಸೆಂಟಿಮೀಟರ್ ಎತ್ತರಕ್ಕಾಗಿ ಇಷ್ಟೆಲ್ಲ ಬೇಡ.

ಇನ್ನೊಂದು ದಾರಿ ಹದಿನೇಳು ಇಂಚಿಗೆ ಇಳಿಯುವುದು. 225/45 ಆರ್17ರ ವ್ಯಾಸ 634 ಮಿ.ಮೀ., ಮೂಲಕ್ಕೆ ಅರ್ಧ ಪರ್ಸೆಂಟಿನಷ್ಟೂ ವ್ಯತ್ಯಾಸವಿಲ್ಲ. ಪಕ್ಕದ ಎತ್ತರ ಮಾತ್ರ 101ಕ್ಕೆ ಏರುತ್ತದೆ. ನಮ್ಮ ರಸ್ತೆಗೆ ಇದು ನಿಜಕ್ಕೂ ಒಳ್ಳೆಯ ಲೆಕ್ಕ, ಟೈರಿನ ಬೆಲೆಯೂ ಕಡಿಮೆ. ಆದರೆ ನಾಲ್ಕು ಹೊಸ ಅಲಾಯ್ ಡಿಸ್ಕು ಬೇಕು, ಐದು ಬೋಲ್ಟಿನ 112 ಮಿ.ಮೀ. ವೃತ್ತ, ನಡುವಿನ ತೂತು 57.1, ಆಫ್‌ಸೆಟ್ (ಡಿಸ್ಕು ಎಷ್ಟು ಒಳಕ್ಕೆ ಕೂರುತ್ತದೆ ಎಂಬ ಅಳತೆ) ಸರಿಯಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಬ್ರೇಕನ್ನು ಅದುಮಿ ಹಿಡಿಯುವ ದೊಡ್ಡ ಕ್ಯಾಲಿಪರಿಗೆ ಒಳಗಿಂದ ತಾಗಬಾರದು. ಹಾಕಿ ನೋಡಲು ನಮ್ಮೂರಲ್ಲಿ ಅಂಥ ಜೋಡಿ ಸಿಗಲಿಲ್ಲ. ನೋಡದೆ ಕೊಳ್ಳುವುದು ಬೇಡವೆಂದು ಹದಿನೆಂಟರಲ್ಲೇ ಉಳಿದೆ. ನಿಮ್ಮ ಕಾರಿಗೆ ಕಂಪನಿಯೇ ಚಿಕ್ಕ ಡಿಸ್ಕಿನ ಅಳತೆ ಒಪ್ಪಿದ್ದರೆ ನಾನಾದರೆ ಅದನ್ನೇ ಆರಿಸುತ್ತಿದ್ದೆ.

ಇನ್ನು ಯಾವ ಟೈರು. ರೇಸ್ ಟ್ರ್ಯಾಕಿಗೆ ಹತ್ತಿರದ ರಬ್ಬರು ಒಣ ರಸ್ತೆಯಲ್ಲಿ ಬಿಸಿಯಾದಾಗ ಅಂಟಿನಂತೆ ಹಿಡಿಯುತ್ತದೆ, ಆದರೆ ನೀರು ಹೊರಹೋಗುವ ಕಾಲುವೆ ಕಡಿಮೆ, ಬೇಗ ಸವೆತ. ಮೈಲೇಜಿಗೆಂದೇ ಮಾಡಿದ್ದು ಗಟ್ಟಿ, ಐವತ್ತು ಸಾವಿರ ಓಡೀತು, ಒದ್ದೆಯಲ್ಲಿ ಜಾರುತ್ತದೆ. ನಾನು ಹುಡುಕಿದ್ದು ಮೊದಲು ಒದ್ದೆ ರಸ್ತೆಯ ಬ್ರೇಕು, ಆಮೇಲೆ ಪಕ್ಕದ ಗಟ್ಟಿತನ, ಕೊನೆಗೆ ತಿರುವಿನ ಹಿಡಿತ. ತಿರುವಿನಲ್ಲಿ ಹಿಡಿತ ಕಡಿಮೆ ಅನ್ನಿಸಿದರೆ ನಾನು ನಿಧಾನ ಮಾಡಬಲ್ಲೆ. ಟ್ರ್ಯಾಕ್ಟರು ನುಗ್ಗಿದಾಗ ನನ್ನ ಕೈಯಲ್ಲಿ ಏನೂ ಇರುವುದಿಲ್ಲ.

ಟೈರಿನ ಪಕ್ಕದಲ್ಲೇ ಇದಕ್ಕೆ ಒಂದಿಷ್ಟು ಸುಳಿವಿದೆ. ಅಮೆರಿಕದ ಗ್ರೇಡಿಂಗ್ ಪ್ರಕಾರ ಮೂರು ಗುರುತು: ಸವೆತದ ಅಂಕಿ, ಹಿಡಿತದ ಅಕ್ಷರ, ಶಾಖದ ಅಕ್ಷರ. ಹಿಡಿತದಲ್ಲಿ ಎಎ ಅತ್ಯುತ್ತಮ, ಅದನ್ನು ಅಳೆಯುವುದು ಒದ್ದೆ ನೆಲದ ಮೇಲೆ ನೇರ ಬ್ರೇಕಿನಲ್ಲಿ. ಸವೆತದ ಅಂಕಿಗೆ 100 ಆಧಾರ. ಅಂಕಿ ಹೆಚ್ಚಿದಷ್ಟೂ ಬಾಳಿಕೆ. ಆದರೆ ಅದನ್ನು ಕೊಡುವುದು ಕಂಪನಿಯೇ ಆದ್ದರಿಂದ ಒಂದು ಬ್ರ್ಯಾಂಡಿನ 300ನ್ನು ಇನ್ನೊಂದರ 300ಕ್ಕೆ ಹೋಲಿಸಲು ಬರುವುದಿಲ್ಲ.

ನನ್ನ ಪಟ್ಟಿಯಲ್ಲಿ ಮಿಶೆಲಿನ್ ಪೈಲಟ್ ಸ್ಪೋರ್ಟ್ 4, ಯೊಕೊಹಾಮಾ ಅಡ್ವಾನ್ ಸ್ಪೋರ್ಟ್, ಅಪೊಲೊದವರ ವ್ರೆಡೆಸ್ಟೈನ್ ಅಲ್ಟ್ರಾಕ್ ಇದ್ದವು. ಮೂರೂ ಒಳ್ಳೆಯವೇ. ಆಯ್ಕೆ ಕೊನೆಗೆ ಆಗಿದ್ದು ಸಿಗುವಿಕೆಯ ಮೇಲೆ. 2020ರ ಜೂನಿನಲ್ಲಿ ಕೇಂದ್ರ ಸರ್ಕಾರ ಟೈರು ಆಮದಿಗೆ ಲೈಸೆನ್ಸ್ ಕಡ್ಡಾಯ ಮಾಡಿದ ಮೇಲೆ ಹದಿನೆಂಟು ಇಂಚಿನ ಸ್ಪೋರ್ಟ್ಸ್ ಟೈರು ಬೇಕೆಂದಾಗ ಬೇಕಾದ ಕಡೆ ಸಿಗುವುದಿಲ್ಲ. ದಾವಣಗೆರೆ, ಹುಬ್ಬಳ್ಳಿ, ಶಿವಮೊಗ್ಗ ಎಲ್ಲ ಕಡೆ ಫೋನ್ ಮಾಡಿ, ಮೂರು ವಾರ ಕಾದು, ಬೆಂಗಳೂರಿನಿಂದ ಪೈಲಟ್ ಸ್ಪೋರ್ಟ್ 4 ನಾಲ್ಕು ತರಿಸಿದೆ. ಅದರ ಸವೆತದ ಅಂಕಿ 320, ಹಿಡಿತ ಎಎ, ಶಾಖ ಎ. ಡಿಸ್ಕಿನ ಅಂಚು ಕಾಯುವ ರಬ್ಬರಿನ ಏಣು ಕೂಡ ಇದೆ. ಆಗ ಜಿಎಸ್‌ಟಿ 28 ಪರ್ಸೆಂಟಿತ್ತು. 2025ರ ಸೆಪ್ಟೆಂಬರಿನಿಂದ 18 ಆಗಿದೆ, ಈಗ ಕೊಳ್ಳುವವರಿಗೆ ಅಷ್ಟು ಹಗುರ.

ಹಣ ಕೊಡುವ ಮುಂಚೆ ನಾಲ್ಕರ ಮೇಲೂ ತಯಾರಿಯ ದಿನ ನೋಡಿ. ಟೈರಿನ ಪಕ್ಕದಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ: 0824 ಎಂದರೆ 2024ರ ಎಂಟನೇ ವಾರ. ಅಂಗಡಿಯವರು ಮೊದಲು ತೋರಿಸಿದ ಜೋಡಿಯಲ್ಲಿ ಒಂದು 2021ರದು. ಗೋಡೌನಿನಲ್ಲಿ ಕೂತ ರಬ್ಬರೂ ಮುದಿಯಾಗುತ್ತದೆ. ಕೇಳಿದ್ದಕ್ಕೆ ಬೇಸರಿಸದೆ ಬದಲಿಸಿ ತರಿಸಿಕೊಟ್ಟರು. ಐಎಸ್‌ಐ ಗುರುತೂ ಇರಲೇಬೇಕು.

ಕೂರಿಸುವ ದಿನ ಬೆಳಿಗ್ಗೆಯೇ ಹೋಗಿ ಪಕ್ಕದಲ್ಲಿ ನಿಂತೆ. ತೆಳು ಪಕ್ಕದ ಟೈರನ್ನು ಲಿವರಿನಿಂದ ಮೀಟಿ ಹಾಕಿದರೆ ಅಂಚು ಹರಿಯುತ್ತದೆ, ಡಿಸ್ಕು ಗೀಚುತ್ತದೆ. ಒತ್ತಿಹಿಡಿಯುವ ಸಹಾಯಕ ತೋಳು ಇರುವ ಮಷೀನು ಇದ್ದ ಅಂಗಡಿಯನ್ನೇ ಹುಡುಕಿದ್ದೆ. ಹಳೆಯವು ಬಿಚ್ಚಿದಾಗ ಒಂದು ಅಲಾಯ್‌ನ ಒಳ ಅಂಚು ಸೊಟ್ಟಗಾಗಿದ್ದು ಕಂಡಿತು. ಬಿರುಕು ಇರಲಿಲ್ಲವಾದ್ದರಿಂದ ನೇರ ಮಾಡಿಸಿದೆ. ಬಿರುಕಿದ್ದರೆ ವೆಲ್ಡಿಂಗ್ ಬೇಡ, ಆ ಡಿಸ್ಕ್ ಬಿಡಿ. ಉಬ್ಬಿದ ಟೈರನ್ನು ಇನ್ಯಾರ ಗಾಡಿಗೂ ಹೋಗದ ಹಾಗೆ ಅಲ್ಲೇ ಪಕ್ಕ ಕೊಯ್ಯಿಸಿದೆ.

ಈ ಟೈರಿಗೆ ಒಳಮುಖ, ಹೊರಮುಖ ಬೇರೆ. 'ಔಟ್‌ಸೈಡ್' ಎಂದು ಬರೆದ ಕಡೆ ಹೊರಗೆ ಕಾಣಬೇಕು. ಹುಡುಗ ಮೂರನೆಯದನ್ನು ಉಲ್ಟಾ ಇಟ್ಟಿದ್ದ, ನೋಡಿ ಹೇಳಿದೆ, ಸರಿ ಮಾಡಿದ. ಬೋಲ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಕೊನೆಗೆ ಟಾರ್ಕ್ ಸ್ಪ್ಯಾನರಿನಲ್ಲಿ 120 ಎನ್‌ಎಂಗೆ ಬಿಗಿ ಮಾಡಿಸಿದೆ. ಗನ್ನಿನಲ್ಲಿ ಹೊಡೆದು ಬಿಟ್ಟರೆ ರಾತ್ರಿ ದಾರಿಯಲ್ಲಿ ಪಂಕ್ಚರಾದಾಗ ಬಿಚ್ಚಲು ಆಗುವುದಿಲ್ಲ.

ಅಂಗಡಿಯ ಯಜಮಾನರ ಜೊತೆ ಒಂದು ಚರ್ಚೆಯೂ ಆಯಿತು. ಪಕ್ಕದ ಕಾರಿಗೆ ಅವರು ಎರಡೇ ಹೊಸ ಟೈರು ಹಾಕುತ್ತಿದ್ದರು, ಮುಂದಕ್ಕೆ.

"ಭಾಯ್, ಹೊಸವು ಹಿಂದಕ್ಕಲ್ವಾ ಹಾಕೋದು?" ಅಂದೆ.

"ಎಳೆಯೋದು ಮುಂದಿನ ಗಾಲಿ ಸರ್, ಹೊಸವು ಮುಂದಿರ್‍ಬೇಕು. ಇಪ್ಪತ್ತು ವರ್ಷದಿಂದ ಹಿಂಗೇ ಹಾಕ್ತಿದೀನಿ."

ಇದು ಊರೆಲ್ಲ ನಂಬಿದ ಮಾತು, ಆದರೆ ಟೈರು ಕಂಪನಿಗಳು ಹೇಳುವುದು ಬೇರೆ. ಒದ್ದೆಯಲ್ಲಿ ಮುಂದಿನದು ಜಾರಿದರೆ ಕಾರು ನೇರ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಬಹುಮಟ್ಟಿಗೆ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಬಾಲ ತಿರುಗಿ ಗಾಡಿ ಬುಗುರಿಯಾಗುತ್ತದೆ, ಸಾಮಾನ್ಯ ಚಾಲಕನಿಗೆ ಉಳಿಸಲು ಆಗದು. ಭಾಯ್ ಪೂರ್ತಿ ಒಪ್ಪಲಿಲ್ಲ. ಆದರೆ ಆ ಗಾಡಿಯ ಮಾಲೀಕರನ್ನು ಕರೆದು ನನ್ನ ಮಾತನ್ನೂ ಹೇಳಿದರು, ಅವರು ಹಿಂದಕ್ಕೇ ಹಾಕಿಸಿಕೊಂಡರು.

ಬ್ಯಾಲೆನ್ಸಿಂಗ್ ಆದ ಮೇಲೆ ಅಲೈನ್‌ಮೆಂಟ್. ಹಳೆ ಟೈರು ಒಳಗಡೆ ತಿಂದಿದ್ದಕ್ಕೆ ಕಾರಣ ಅಲ್ಲಿ ಸಿಕ್ಕಿತು: ಮುಂದಿನ ಗಾಲಿಗಳ ಟೋ ಹೊರಕ್ಕೆ ಹೋಗಿತ್ತು, ಅಂದರೆ ಗಾಲಿಗಳ ಮೂತಿ ಹೊರಕ್ಕೆ ತಿರುಗಿತ್ತು. ಇದನ್ನು ಬಿಟ್ಟಿದ್ದರೆ ಹೊಸದೂ ವರ್ಷದೊಳಗೆ ಅದೇ ದಾರಿ ಹಿಡಿಯುತ್ತಿತ್ತು. ಮೊದಲು ಮತ್ತು ನಂತರದ ಅಂಕಿಗಳಿರುವ ಪ್ರಿಂಟ್ ಕೇಳಿ ತೆಗೆದುಕೊಳ್ಳಿ. ಕೊನೆಗೆ ಕಾರಿನೊಳಗೆ ಗಾಳಿ ಎಚ್ಚರಿಕೆಯ ವ್ಯವಸ್ಥೆಯನ್ನು ಹೊಸದಾಗಿ ಸೆಟ್ ಮಾಡಬೇಕು, ಅದು ಗಾಲಿ ಸುತ್ತುವ ಲೆಕ್ಕದಿಂದ ಗಾಳಿ ಇಳಿದದ್ದನ್ನು ಊಹಿಸುತ್ತದೆ.

ಮೊದಲ ನಾನೂರು ಕಿಲೋಮೀಟರು ಮೆತ್ತಗೆ ಓಡಿಸಿದೆ, ಹೊಸ ರಬ್ಬರಿನ ಮೇಲಿನ ನುಣುಪು ಹೋಗಲಿ ಎಂದು. ಆಮೇಲೆ ಆಗಸ್ಟಿನ ಮಳೆಯಲ್ಲೇ ಮನೆಯವರನ್ನೆಲ್ಲ ಕೂರಿಸಿಕೊಂಡು ಆಗುಂಬೆಗೆ ಹೋದೆ. ಹದಿನಾಲ್ಕು ತಿರುವು ಇಳಿದು ಹತ್ತಿದರೂ ಎಬಿಎಸ್ ಒಮ್ಮೆಯೂ ಪೆಡಲು ನಡುಗಿಸಲಿಲ್ಲ. ಬರುವಾಗ ಖಾಲಿ ರಸ್ತೆ ನೋಡಿ ಅರವತ್ತರಿಂದ ಜೋರಾಗಿ ಬ್ರೇಕ್ ಹಾಕಿ ನೋಡಿದೆ. ಸೀಟ್ ಬೆಲ್ಟ್ ಎದೆಗೆ ಒತ್ತಿ ಕಾರು ಅಲ್ಲೇ ಕೂತಿತು. ಹೆಂಡತಿ ಬೈದಳು, ನನಗೆ ಕಣ್ಣು ತುಂಬಿ ಬಂತು.

ಗಾಳಿ ಬೆಳಿಗ್ಗೆ ತಣ್ಣಗಿರುವಾಗಲೇ ನೋಡುತ್ತೇನೆ, ಇಂಧನ ಮುಚ್ಚಳದ ಒಳಗೆ ಬರೆದಷ್ಟು. ಐದಾರು ಡಿಗ್ರಿ ಶಾಖ ಏರಿದರೆ ಒಂದು ಪಿಎಸ್‌ಐ ಏರುತ್ತದೆ, ಬೇಸಿಗೆಯ ಮಧ್ಯಾಹ್ನ ಹೆಚ್ಚು ತೋರಿಸಿತೆಂದು ಗಾಳಿ ಇಳಿಸಬಾರದು. ನೈಟ್ರೋಜನ್‌ಗೆ ದುಡ್ಡು ಕೊಡುವುದಿಲ್ಲ, ಸಾದಾ ಗಾಳಿಯಲ್ಲೇ 78 ಪರ್ಸೆಂಟ್ ಅದಿದೆ. ಸುಗ್ಗಿಯಲ್ಲಿ ರಸ್ತೆಗೆ ಮೆಕ್ಕೆಜೋಳ ಒಣಹಾಕಿದ ಕಡೆ ಮಾತ್ರ ಯಾವ ಟೈರೂ ನೆಚ್ಚಲು ಆಗದು, ಕಾಳಿನ ಮೇಲೆ ರಬ್ಬರಿಗೆ ನೆಲವೇ ಸಿಗುವುದಿಲ್ಲ. ಅಲ್ಲಿ ಮೂವತ್ತಕ್ಕೆ ಇಳಿಸುತ್ತೇನೆ.

ಹದಿನಾರು ಸಾವಿರ ಕಿಲೋಮೀಟರಿಗೆ ಅಳೆದಾಗ ಮುಂದಿನವು 5.3, ಹಿಂದಿನವು 6.4 ಇದ್ದವು, ಒಳ ಅಂಚು ಹೊರ ಅಂಚು ಎರಡೂ ಸಮ. ನಾಲ್ಕರಲ್ಲೂ ಇನ್ನೂ ಸಾಕಷ್ಟು ಹಲ್ಲಿದೆ, ಎಲ್ಲವೂ ಸಮವಾಗಿ ಸವೆಯಲಿ ಎಂದು ಭಾನುವಾರ ಭಾಯ್ ಅಂಗಡಿಗೆ ಹೋಗಿ ಹಿಂದಿನವು ಮುಂದಕ್ಕೆ, ಮುಂದಿನವು ಹಿಂದಕ್ಕೆ ಹಾಕಿಸಬೇಕು.