ಯುಕೆ ವೀಸಾಕ್ಕ ಹೊಲದ ಉತಾರ (ಪಹಣಿ) ಇಡೋರು ಇದನ್ನ ಓದ್ರಿ

ಮಕ್ಕಳನ್ನ ನೋಡಾಕ ಹೊಂಟವರಿಗೆ, ಊರಿಗೆ ವಾಪಸ್ ಬರ್ತೀವಿ ಅನ್ನೋದಕ್ಕ ಉತಾರ ಛಲೋ ದಾಖಲೆ. ಆದ್ರ ಕನ್ನಡದ್ದನ್ನ ಹಂಗ ಅಪ್‌ಲೋಡ್ ಮಾಡಬ್ಯಾಡ್ರಿ. ಇಂಗ್ಲಿಷ್ ಅನುವಾದ ಬೇಕು. ಅದರಾಗ ಮೂಲಕ್ಕ ಸರಿಯಾಗೇತಿ ಅನ್ನೋ ದೃಢೀಕರಣ, ತಾರೀಖು, ಅನುವಾದಕರ ಪೂರ್ತಿ ಹೆಸರು, ಸಹಿ, ಸಂಪರ್ಕ ವಿವರ ಇರಬೇಕು. ಬರೇ ನೋಟರಿ ಸಿಕ್ಕಾ ಸಾಲಂಗಿಲ್ಲ.

ಹೆಚ್ಚಿನವರು ಎಡವೋದು ಬ್ಯಾಂಕ್ ಸ್ಟೇಟ್‌ಮೆಂಟ್‌ನಾಗ. ಅರ್ಜಿ ಹಾಕೋ ವಾರನ ಒಮ್ಮೆಲೆ 4 ಲಕ್ಷ ಜಮಾ ಆದ್ರ, ಕೈಗಡ ತಂದು ತುಂಬ್ಯಾರ ಅನ್ನೋ ಸಂಶಯ ಬರ್ತೈತಿ. ಬ್ಯಾಡಗಿ ಮಾರ್ಕೆಟ್‌ನಾಗ ಮೆಣಸಿನಕಾಯಿ ಮಾರಿದ ರೊಕ್ಕ ಆಗಿದ್ರ ದಲಾಲರು ಕೊಡೋ ಪಟ್ಟಿನೂ (ಮಾರಾಟದ ಲೆಕ್ಕದ ಚೀಟಿ) ಅನುವಾದ ಮಾಡಿಸಿ ಜೋಡಿಸ್ರಿ. ಪಟ್ಟಿಯ ಮೊತ್ತ, ತಾರೀಖು ಜಮಾಕ್ಕ ತಾಳೆ ಆಗ್ತಾವೇನು ಒಮ್ಮೆ ನೋಡ್ಕೋರಿ.

ಉತಾರದಾಗ ಇನ್ನೂ ತೀರಿಹೋದ ಅಪ್ಪನ ಹೆಸರ ಇದ್ರ (ನಮ್ಮ ಕಡೆ ಅರ್ಧಕ್ಕರ್ಧ ಹಿಂಗ) ಮೊದಲು ವಾರಸಾ ಮಾಡಿಸ್ರಿ, ಅಂದ್ರ ಹೊಲಾನ ವಾರಸುದಾರರ ಹೆಸರಿಗೆ ಮಾಡಿಸ್ಕೋರಿ. ನೌಕರಿಯವರು ರಜೆ ಪತ್ರದಾಗ ಮತ್ತ ಹಾಜರಾಗೋ ತಾರೀಖು ಬರೆಸ್ಕೋರಿ.